ಮೆಕಾಲ್ ಹೊಡೆಯುವುದು ಯಾರಿಗಾಗಿ?

ಅದುವರೆಗೆ ತನ್ನ ಯಾವ ಚಿತ್ರಕ್ಕೂ ಎರಡನೇ ಭಾಗ ಮಾಡದಿದ್ದ ಡೆನ್ಜೆಲ್ ವಾಷಿಂಗ್ಟನ್, 2018ರಲ್ಲಿ ‘ದಿ ಈಕ್ವಲೈಜರ್ 2’ಗೆ ಒಪ್ಪಿಕೊಂಡರು. ‘ಟ್ರೇನಿಂಗ್ ಡೇ’ಯಲ್ಲಿ ಅವರಿಗೆ ಆಸ್ಕರ್ ತಂದುಕೊಟ್ಟ ಆಂಟ್ವಾನ್ ಫುಕ್ವಾ ಅವರೇ ಇದಕ್ಕೂ ನಿರ್ದೇಶಕರು. ಈ ಚಿತ್ರವನ್ನು ಮತ್ತೆ ನೋಡಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಹೊಡೆದಾಟಗಳಲ್ಲ.

ಸರ್ಕಾರಿ ಗುಪ್ತ ಕಾರ್ಯಾಚರಣೆಗಳಿಂದ ದೂರವಾದ ರಾಬರ್ಟ್ ಮೆಕಾಲ್ (ಡೆನ್ಜೆಲ್) ಈಗ ಬಾಸ್ಟನ್‌ನಲ್ಲಿ ಬಾಡಿಗೆ ಕಾರು ಓಡಿಸುತ್ತಾನೆ. ಹಿಂದಿನ ಸೀಟಿನಲ್ಲಿ ಕೂತವರ ಸುಖದುಃಖಗಳು ಅವನ ಕಿವಿಗೆ ಬೀಳುತ್ತವೆ. ನಾಜಿ ಶಿಬಿರದಿಂದ ಬದುಕುಳಿದ ಮುದುಕ ಸ್ಯಾಮ್, ಅಗಲಿಹೋದ ಸಹೋದರಿಯ ನೆನಪನ್ನು ಹೊತ್ತು ಓಡಾಡುತ್ತಾನೆ. ಚಿತ್ರ ಬಿಡಿಸಬಲ್ಲ ಮೈಲ್ಸ್ ಎಂಬ ಹುಡುಗ ಗ್ಯಾಂಗಿನ ಕಡೆಗೆ ಜಾರುತ್ತಿದ್ದಾನೆ. ಮೆಕಾಲ್ ಅವನಿಗೆ ಗೋಡೆಗೆ ಬಣ್ಣ ಬಳಿಯುವ ಕೆಲಸ ಕೊಡುತ್ತಾನೆ, ಓದಲು ಪುಸ್ತಕ ಕೊಡುತ್ತಾನೆ. ಅವನನ್ನು ಗ್ಯಾಂಗಿನ ಅಡ್ಡೆಯಿಂದ ಎಳೆದು ತಂದು, ಕೈಗೆ ಪಿಸ್ತೂಲು ಕೊಟ್ಟು, ‘ಕೊಲ್ಲುವುದೆಂದರೆ ಏನೆಂದು ಗೊತ್ತೇನು’ ಎಂದು ಗದರುವ ದೃಶ್ಯವಂತೂ ಇಡೀ ಚಿತ್ರದಲ್ಲೇ ಶ್ರೇಷ್ಠ. ಕೊಂದು ಕೊಂದು ಒಳಗೆ ಸುಟ್ಟುಹೋದವನ ಭಯ ಅಲ್ಲಿ ಡೆನ್ಜೆಲ್ ಕಣ್ಣಲ್ಲಿದೆ. ಎದುರಿಗಿರುವ, ಮೈಲ್ಸ್ ಪಾತ್ರದ ಆಷ್ಟನ್ ಸ್ಯಾಂಡರ್ಸ್ ಕೂಡ ಒಂದಿಷ್ಟೂ ಕಡಿಮೆಯಿಲ್ಲ.

ಚಿತ್ರ ಎಡವುವುದು ಬ್ರಸೆಲ್ಸ್‌ನಲ್ಲಿ. ಮೆಕಾಲ್‌ನ ಆಪ್ತೆ ಸೂಸನ್ ಅಲ್ಲಿ ಕೊಲೆಯಾಗುತ್ತಾಳೆ. ಕೊಲೆಗಾರ ಮೆಕಾಲ್‌ನ ಹಳೆಯ ಜೊತೆಗಾರ ಯಾರ್ಕ್ ಎಂಬುದು ಆ ಪಾತ್ರದ ಪೆಡ್ರೊ ಪಾಸ್ಕಲ್ ತೆರೆಗೆ ಬಂದ ಸ್ವಲ್ಪ ಹೊತ್ತಿಗೇ ಹೊಳೆದುಬಿಡುತ್ತದೆ. ಗುಟ್ಟು ರಟ್ಟಾದದ್ದು ಸಣ್ಣ ದೋಷ, ಅದನ್ನು ಮನ್ನಿಸಬಹುದು. ದೊಡ್ಡ ದೋಷ ಇರುವುದು ಮೆಕಾಲ್ ಹೊಡೆಯುವ ಕಾರಣದಲ್ಲಿ. ಮೊದಲ ಭಾಗದಲ್ಲಿ ಮೆಕಾಲ್ ಕೈಯೆತ್ತಿದ್ದು ಅಷ್ಟಾಗಿ ಪರಿಚಯವೂ ಇಲ್ಲದ ಒಬ್ಬ ಹುಡುಗಿಗಾಗಿ. ದಿಕ್ಕಿಲ್ಲದವರ ಪರ ನಿಲ್ಲುತ್ತಾನೆಂಬ ಕಾರಣಕ್ಕೇ ಕಾನೂನು ಮೀರಿದ ಅವನನ್ನು ನಾವು ಒಪ್ಪಿಕೊಂಡಿದ್ದೆವು. ಇಲ್ಲಿ ಅವನದು ಸ್ವಂತ ಸೇಡು. ಹಾಗಾದ ಮೇಲೆ ಅವನಿಗೂ ಯಾರ್ಕ್‌ಗೂ ಏನು ಅಂತರ? ಈ ಪ್ರಶ್ನೆಯನ್ನು ಚಿತ್ರ ಕೇಳಲೇಬೇಕಿತ್ತು. ಯಾರ್ಕ್‌ನ ಮನೆಯಂಗಳದಲ್ಲಿ ಅವನ ತಂಡವನ್ನೆಲ್ಲ ಕೊಲ್ಲುತ್ತೇನೆಂದು ತಣ್ಣಗೆ ಹೇಳಿ, ಅವನ ಹೆಂಡತಿಯ ಕಾರಿನಲ್ಲೇ ಮೆಕಾಲ್ ಹೊರಟುಹೋಗುವಾಗ ಚಿತ್ರ ಒಮ್ಮೆ ಆ ಪ್ರಶ್ನೆಯ ಹತ್ತಿರಕ್ಕೆ ಬರುತ್ತದೆ, ಮರುಕ್ಷಣ ಬಿಟ್ಟುಬಿಡುತ್ತದೆ.

ಉಳಿದದ್ದು ಚಂಡಮಾರುತದ ಅಬ್ಬರ. ಜನರೆಲ್ಲ ಖಾಲಿ ಮಾಡಿ ಹೋದ ಕಡಲತೀರದ ಊರಲ್ಲಿ ಕೊನೆಯ ಕಾಳಗ. ಗಾಳಿಯ ಭೋರ್ಗರೆತದಲ್ಲಿ ಹೊಡೆತಗಳ ಲೆಕ್ಕ ತಪ್ಪುತ್ತದೆ, ಮನಸ್ಸಿಗೆ ಏನೂ ತಟ್ಟುವುದಿಲ್ಲ. ಮೈಲ್ಸ್‌ನನ್ನು ಕಾರಿನ ಡಿಕ್ಕಿಯಲ್ಲಿ ಒತ್ತೆಯಾಗಿಟ್ಟಿದ್ದು ನನಗೆ ನಿಜಕ್ಕೂ ಬೇಸರ ತಂದಿತು. ಅಷ್ಟು ಜೀವಂತವಾಗಿ ಬೆಳೆದ ಹುಡುಗ ಕೊನೆಗೆ ಕಥೆಯ ಒಂದು ಸಾಮಾನಾಗಿಬಿಟ್ಟ.

ಹೊಡೆದಾಟಕ್ಕೆಂದೇ ಹೋಗುವವರಿಗೆ 2014ರ ಮೊದಲ ಭಾಗವೇ ಮೇಲು. ಡೆನ್ಜೆಲ್ ಅಭಿನಯಕ್ಕಾಗಿ, ಸ್ಯಾಮ್ ಮತ್ತು ಮೈಲ್ಸ್‌ಗಾಗಿ ಈ ಎರಡನೆಯದನ್ನು ನೋಡಿ.