ಅಟ್ಟದ ಕಾಯಿ, ಜಗುಲಿಯ ಚೀಟಿ

ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಮನೆಯ ಅಟ್ಟಕ್ಕೆ ದೊಡ್ಡ ಬೆಲೆಯುಂಟು. ಬಲಿತ ಕಾಯಿಗಳನ್ನು ಸುಲಿಯದೆಯೇ ಅಲ್ಲಿ ಕೂಡಿಟ್ಟರೆ, ಹತ್ತು ಹನ್ನೊಂದು ತಿಂಗಳಲ್ಲಿ ನೀರಿಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ; ತಿಪಟೂರಿನ ಮಾರುಕಟ್ಟೆಗೆ ಹೊರಡುತ್ತದೆ. ಹಳೆಯದು ಇಳಿಯದೆ ಹೊಸದಕ್ಕೆ ಎಡೆಯಿಲ್ಲ.

ಇಂಥ ಮನೆಯ ಹಿರಿಯರೊಬ್ಬರು, ಕಂಪ್ಯೂಟರ್ ವಿದ್ಯೆ ಕಲಿಯುತ್ತಿರುವ ಮೊಮ್ಮಗಳನ್ನು ಹೀಗೆ ಕೇಳಿದರೆಂದುಕೊಳ್ಳೋಣ: “ನಿನ್ನ ಯಂತ್ರಕ್ಕೂ ನೆನಪುಂಟಂತಲ್ಲ ಮಗಳೆ, ಅದರಲ್ಲಿ ಜಾಗ ಹಂಚುವವರು ಯಾರು?”

“ಅಲ್ಲಿಯೂ ಜಗುಲಿಯುಂಟು, ಅಟ್ಟವುಂಟು ತಾತ” ಎಂದು ಆಕೆ ಉತ್ತರಿಸಿಯಾಳು.

ಮಾತು ದಿಟ. ಜಗುಲಿಗೆ ‘ಸ್ಟ್ಯಾಕ್’ ಎಂದು ಹೆಸರು. ಕೈಯಲ್ಲಿರುವ ಕೆಲಸಕ್ಕೆ ಬೇಕಾದ ಸಣ್ಣಪುಟ್ಟ ಲೆಕ್ಕಗಳು ಅಲ್ಲಿ ಒಂದರ ಮೇಲೊಂದು ಕುಕ್ಕೆಯಂತೆ ಏರುತ್ತವೆ. ಕೆಲಸ ಮುಗಿದೊಡನೆ ಕೊನೆಗೆ ಏರಿದ್ದು ಮೊದಲು ಇಳಿಯುತ್ತದೆ. ಅಟ್ಟಕ್ಕೆ ‘ಹೀಪ್’ ಎಂದು ಹೆಸರು. ಜಾವಾ ಭಾಷೆಯಲ್ಲಿ ‘ನ್ಯೂ’ ಎಂದೊಡನೆ, ಆಬ್ಜೆಕ್ಟ್ ಎಂಬ ವಸ್ತುವಿಗೆ ಅದರ ಕ್ಲಾಸ್ ಹೇಳುವ ಅಳತೆಯಷ್ಟು ಜಾಗ ಅಟ್ಟದಲ್ಲಿ ಮೀಸಲಾಗುತ್ತದೆ. ಜಗುಲಿಯಲ್ಲಿ ಉಳಿಯುವುದು ಆ ಜಾಗದ ಗುರುತಿನ ಚೀಟಿ ಮಾತ್ರ.

ಇನ್ನು ತೆರವು ಮಾಡುವವರಾರು? 1985ರಲ್ಲಿ ಹೊರಬಂದ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಹೀಗೆ ಪಡೆದ ಜಾಗವನ್ನು ಬರೆದವನೇ ‘ಡಿಲೀಟ್’ ಎಂದು ಹಿಂದಿರುಗಿಸಬೇಕು. ಮರೆತರೆ ಅಟ್ಟ ತುಂಬುತ್ತ ಹೋಗಿ ಪ್ರೋಗ್ರಾಂ ಕುಸಿದೀತು. ಅವಸರಪಟ್ಟು ಮೊದಲೇ ತೆರವು ಮಾಡಿದರೋ, ಹಳೆಯ ಚೀಟಿ ಹಿಡಿದು ಬಂದವನಿಗೆ ಇನ್ನಾರದೋ ಕಾಯಿ ಸಿಕ್ಕೀತು. ಎರಡನೆಯದು ಇನ್ನೂ ಕೇಡು. ತಪ್ಪು ಒಂದೆಡೆ, ಪೆಟ್ಟು ಮತ್ತೊಂದೆಡೆ.

ಇದಕ್ಕೆ ಪರಿಹಾರವಾಗಿ ಜಾನ್ ಮೆಕಾರ್ಥಿ 1959ರ ಸುಮಾರಿಗೆ ಲಿಸ್ಪ್ ಭಾಷೆಗಾಗಿ ಒಬ್ಬ ಜಾಡಮಾಲಿಯನ್ನು ಕಲ್ಪಿಸಿದನು. ಜಗುಲಿಯಿಂದ ಹೊರಟು, ಚೀಟಿಯಿಂದ ಚೀಟಿಗೆ ನಡೆದು, ತಲುಪಬಹುದಾದ ವಸ್ತುಗಳನ್ನೆಲ್ಲ ಗುರುತಿಸುವುದು, ಉಳಿದವನ್ನು ಗುಡಿಸುವುದು. 1995ರಲ್ಲಿ ಪ್ರಕಟವಾದ ಜಾವಾ ಕೂಡ ಇಂಥ ಜಾಡಮಾಲಿಯನ್ನೇ ನೆಚ್ಚಿದೆ.

ಆದರೆ ವಾಚಕರು ಒಂದನ್ನು ಗಮನಿಸಬೇಕು. ಜಾಡಮಾಲಿ ನೋಡುವುದು ಚೀಟಿ ಉಂಟೇ ಎಂಬುದನ್ನು. ವಸ್ತು ಬೇಕೇ ಎಂಬುದನ್ನಲ್ಲ. ಯಾವುದೋ ಪಟ್ಟಿಯಲ್ಲಿ ಮರೆತುಳಿದ ಒಂದೇ ಚೀಟಿಗಾಗಿ ಅವನು ಬೇಡದ ರಾಶಿಯನ್ನೂ ಕಾಯುತ್ತ ಕೂರುತ್ತಾನೆ. ಬೇಡವಾದದ್ದರ ಚೀಟಿಯನ್ನು ಹರಿಯುವ ವಿವೇಕ ಮನುಷ್ಯನ ಪಾಲಿಗೇ ಉಳಿದಿದೆ.

ಇಷ್ಟು ಕೇಳಿದ ತಾತ ನಕ್ಕಾರು: “ನಮ್ಮ ಕಾಯಿಯೇ ಮೇಲಮ್ಮ. ಒಣಗಿದ ಮೇಲೆ ಅಲುಗಿಸಿದರೆ ತಾನೇ ಸದ್ದು ಮಾಡಿ, ಇಳಿಸು ಎನ್ನುತ್ತದೆ!”