ಲಾಭದ ಲೆಕ್ಕವಷ್ಟೇ ಸಾಲದು

ಮಿತವಾದ ಮದ್ಯಸೇವನೆಯಿಂದ ಮಹಿಳೆಯರಲ್ಲಿ ‘ಒಳ್ಳೆಯ’ ಕೊಲೆಸ್ಟರಾಲ್ ಹೆಚ್ಚುತ್ತದೆಂಬ ಮಾತನ್ನು ಈಗ ಅರಸೀಕೆರೆ, ಬೇಲೂರು, ಹಳೇಬೀಡುಗಳ ಸುಶಿಕ್ಷಿತ ಕುಟುಂಬಗಳಲ್ಲೂ ಕೇಳುತ್ತಿದ್ದೇನೆ. ಮಾತು ಸುಳ್ಳಲ್ಲ, ಅಪೂರ್ಣ. ಅರ್ಥಶಾಸ್ತ್ರ ಓದಿದವನಾಗಿ ನಾನು ಲಾಭದೊಡನೆ ವೆಚ್ಚವನ್ನೂ ಕೇಳಬೇಕಾಗುತ್ತದೆ. ಎಚ್‌ಡಿಎಲ್ ಏರಿಸಿದ ಹಲವು ಔಷಧಗಳು ಹೃದಯಾಘಾತವನ್ನು ತಗ್ಗಿಸಲಿಲ್ಲ. ಮದ್ಯವಾದರೋ ಟ್ರೈಗ್ಲಿಸರೈಡನ್ನೂ ಹೆಚ್ಚಿಸಬಲ್ಲದು. ಅಲ್ಪ ಪ್ರಮಾಣದಲ್ಲೂ ಸ್ತನ ಕ್ಯಾನ್ಸರ್‌ನ ಅಪಾಯವನ್ನು ಏರಿಸುತ್ತದೆ. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

2007ರಲ್ಲಿ ಸಾರಾಯಿ ನಿಷೇಧಿಸಿದ ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರ ಸರ್ಕಾರಿ ನಿಗಮದ ಕೈಯಲ್ಲೇ ಇದೆ. ಆ ಆದಾಯದ ಒಂದಂಶದಿಂದ ಅರಸೀಕೆರೆ, ಬೇಲೂರು ತಾಲ್ಲೂಕುಗಳ ಹಳ್ಳಿಹಳ್ಳಿಗಳಲ್ಲಿ ನಲವತ್ತು ದಾಟಿದ ಮಹಿಳೆಯರಿಗೆ ಉಚಿತ ಕೊಲೆಸ್ಟರಾಲ್ ತಪಾಸಣೆ ನಡೆಸಲಿ. ಹೃದಯ ಕಾಯಲು ಮದ್ಯದ ನೆಪ ಬೇಡ. ನಡಿಗೆ, ಮಿತಾಹಾರ, ವೈದ್ಯರ ಸಲಹೆಗಳಿವೆ.