ಕಣಗಳ ಸಂಚಾರ ಮತ್ತು ವಿಜ್ಞಾನ ಬೋಧನೆ

ಪ್ರೌಢಶಾಲೆಯ ಭೌತವಿಜ್ಞಾನವು ಒಂಟಿ ಕಣದ ಚಲನೆಯಿಂದ ಆರಂಭವಾಗಿ ಬಹುಮಟ್ಟಿಗೆ ಅಲ್ಲಿಯೇ ಮುಗಿಯುತ್ತದೆ. ಬೀಳುವ ಕಲ್ಲು, ಉರುಳುವ ಗೋಲಿ, ಸೂರ್ಯನನ್ನು ಸುತ್ತುವ ಗ್ರಹ. ಒಂದರ ಹಾದಿಗೆ ಮತ್ತೊಂದು ಅಡ್ಡವಾಗುವ ಸಮೂಹದ ಚಲನೆಗೂ, ಪ್ರಸಾದನಿಲಯದ ಬಾಗಿಲಲ್ಲಿ ನಿತ್ಯ ಕಾಣುವ ದಟ್ಟಣೆಗೂ ಲೆಕ್ಕವುಂಟೆಂಬುದು ವಿದ್ಯಾರ್ಥಿಗೆ ತಿಳಿಯುವುದೇ ಇಲ್ಲ. ಇದು ಅಲ್ಪ ಕೊರತೆಯಲ್ಲ.

ಜೀವಕೋಶದಲ್ಲಿ ಆರ್‌ಎನ್‌ಎ ಎಳೆಯ ಮೇಲೆ ರೈಬೋಸೋಮುಗಳು ಸಾಲಾಗಿ ಸಾಗುತ್ತ ಪ್ರೋಟೀನನ್ನು ಕಟ್ಟುತ್ತವೆ. ಮುಂದಿನದು ಸರಿಯದೆ ಹಿಂದಿನದು ಮುನ್ನಡೆಯಲಾರದು. ಇದನ್ನು ವಿವರಿಸಲು 1968ರಲ್ಲಿ ಮ್ಯಾಕ್‌ಡೊನಾಲ್ಡ್, ಗಿಬ್ಸ್ ಮತ್ತು ಪಿಪ್ಕಿನ್ ರಚಿಸಿದ ಮಾದರಿಯ ತಿರುಳು ಇಷ್ಟೇ: ಮುಂದಿನ ಸ್ಥಾನ ಬರಿದಾಗಿದ್ದರೆ ಮಾತ್ರ ಕಣವು ಮುಂದಡಿಯಿಡಬಹುದು. 1970ರಲ್ಲಿ ಫ್ರಾಂಕ್ ಸ್ಪಿಟ್ಜರ್ ಇಂಥ ಚಲನೆಗಳನ್ನು ಗಣಿತಶಾಸ್ತ್ರದೊಳಕ್ಕೆ ತಂದರು.

ಇದನ್ನು ಕಲಿಸಲು ಬೆಲೆಬಾಳುವ ಉಪಕರಣ ಬೇಡ. ಮನೆಯ ಅಟ್ಟದ ಮೇಲಿರುವ ಅಳಗುಳಿಮಣೆಯೊಂದು ಸಾಕು. ಅದರ 14 ಗುಳಿಗಳನ್ನು ಒಂದು ವರ್ತುಲವೆಂದು ಬಗೆದು, ಗುಳಿಗೆ ಒಂದಕ್ಕಿಂತ ಹೆಚ್ಚಿಲ್ಲದಂತೆ ಹುಣಿಸೆಬೀಜಗಳನ್ನಿಡಬೇಕು. ಚೀಟಿಯೆತ್ತಿದಾಗ ಬಂದ ಗುಳಿಯಲ್ಲಿ ಬೀಜವಿದ್ದು ಮುಂದಿನ ಗುಳಿ ಬರಿದಾಗಿದ್ದರೆ, ಅದನ್ನು ಒಂದು ಗುಳಿ ಮುಂದಕ್ಕೆ ಸರಿಸಬೇಕು. ಒಂದೇ ಬೀಜವಿದ್ದಾಗ ಸರಿಯಬಲ್ಲುದು ಒಂದೇ. 13 ಬೀಜಗಳಿದ್ದಾಗಲೂ ಸರಿಯಬಲ್ಲುದು ಒಂದೇ! 7 ಇದ್ದಾಗ ಸರಾಸರಿ ನಾಲ್ಕಕ್ಕೆ ತುಸು ಕಡಿಮೆ ಬೀಜಗಳು ಸರಿಯಬಲ್ಲವು, ಅದೇ ಪರಮಾವಧಿ. ಅರ್ಧ ಬರಿದಾಗಿರುವ ಹಾದಿಯಲ್ಲಿಯೇ ಸಂಚಾರ ಅತ್ಯಧಿಕವೆಂಬುದನ್ನು ಮಕ್ಕಳು ಕೈಯಾರೆ ಕಾಣಬಲ್ಲರು.

ಹಾದಿಗಳು ಕವಲೊಡೆದು ಜಾಲವಾದಾಗ ವಿಷಯ ಇನ್ನಷ್ಟು ವಿಚಿತ್ರವಾಗುತ್ತದೆ. ಪ್ರತಿಯೊಬ್ಬನೂ ತನಗೆ ಶೀಘ್ರವೆನಿಸಿದ ದಾರಿಯನ್ನೇ ಹಿಡಿಯುವಲ್ಲಿ, ಹೊಸ ರಸ್ತೆಯೊಂದರ ಸೇರ್ಪಡೆಯಿಂದ ಎಲ್ಲರ ಪ್ರಯಾಣಕಾಲವೂ ಹೆಚ್ಚಬಹುದೆಂದು ಜರ್ಮನಿಯ ಡೀಟ್ರಿಶ್ ಬ್ರೇಸ್ 1968ರಲ್ಲಿ ತೋರಿಸಿದರು. ಮೇಲೆ ಹೇಳಿದ ಕಣಮಾದರಿಯ ಜಾಲದಲ್ಲಿಯೂ ಹೀಗಾಗುವುದನ್ನು 2016ರಲ್ಲಿ ಬಿಟಿನ್ ಮತ್ತು ಶಾಡ್‌ಶ್ನೈಡರ್ ನಿರೂಪಿಸಿದರು. ರಸ್ತೆ ಹೆಚ್ಚಿಸುವುದೊಂದೇ ಪರಿಹಾರವೆಂದು ನಂಬಿದ ನಗರಗಳಿಗೆ ಇದು ರುಚಿಸುವ ಮಾತಲ್ಲ.

ಪಠ್ಯಕ್ರಮದಲ್ಲಿ ಇದಕ್ಕೆ ಅಂಕಗಳಿಲ್ಲವೆಂಬ ಆಕ್ಷೇಪ ಬರುವುದು ಸಹಜ. ಆದರೆ ಸಮತೋಲದಲ್ಲಿರುವ ವಸ್ತುವಿಗೆ ಬೋಲ್ಟ್ಸ್‌ಮನ್ನರ ಸೂತ್ರವಿರುವಂತೆ, ಸದಾ ಹರಿಯುತ್ತಿರುವ ವ್ಯವಸ್ಥೆಗಳಿಗೆಲ್ಲ ಒಪ್ಪುವ ಸೂತ್ರವೊಂದು ಇನ್ನೂ ದೊರೆತಿಲ್ಲವೆಂಬುದನ್ನು ಹದಿನೈದರ ಹರೆಯದಲ್ಲಿಯೇ ಅರಿತ ವಿದ್ಯಾರ್ಥಿಗೆ ವಿಜ್ಞಾನವು ಮುಗಿದ ಪಾಠವಾಗಿ ತೋರದು. 2022ರಲ್ಲಿ ಬೋಲ್ಟ್ಸ್‌ಮನ್ ಪದಕವನ್ನು ಪಡೆದ ಪ್ರಥಮ ಭಾರತೀಯರಾದ ದೀಪಕ್ ಧರ್ ಅವರು ದುಡಿದುದೂ ಇಂಥ ಸರಳ ನಿಯಮಗಳ ಮಾದರಿಗಳಲ್ಲಿಯೇ. ಪ್ರಯೋಗಾಲಯಕ್ಕೆ ಉದಾರವಾಗಿ ನೆರವೀಯುವ ದಾನಿಗಳು, ಗಾಜಿನ ಕಪಾಟುಗಳಿಗಿಂತ ಮೊದಲು, ಪರೀಕ್ಷೆಯ ಹಂಗಿಲ್ಲದ ಒಂದು ಅವಧಿಯನ್ನು ವಾರಕ್ಕೊಮ್ಮೆ ಅಧ್ಯಾಪಕರಿಗೆ ಬಿಟ್ಟುಕೊಡುವಂತೆ ಆಡಳಿತ ಮಂಡಲಿಯನ್ನು ಕೇಳುವುದು ಯುಕ್ತ.